ಕಾಲಿಲ್ಲದ ಮೇಜು

ಡಿಸೆಂಬರ್ 3, ಮಂಗಳವಾರ

ಮಾವನನ್ನು ಇವತ್ತು ಆಸ್ಪತ್ರೆಯಿಂದ ಕರೆತಂದೆ. ಸೊಂಟಕ್ಕೆ ಸರಳು ಹಾಕಿದ್ದಾರೆ, ಇನ್ನು ಮೆಟ್ಟಿಲು ಹತ್ತುವ ಮಾತೇ ಇಲ್ಲವಂತೆ. ಹನೋಯ್‌ನ ನಮ್ಮಂಥ ಓಣಿ ಮನೆಯಲ್ಲಿ ಮೆಟ್ಟಿಲು ಹತ್ತದವರು ಎಲ್ಲಿ ಮಲಗಬೇಕು? ಕೆಳಗಿರುವುದು ಒಂದೇ ಕೋಣೆ. ಅದು ನನ್ನ ತಗಡಿನ ಕೆಲಸದ ಕೋಣೆ. ನಡುವೆ ನಿಂತು ಎರಡು ಕೈ ಚಾಚಿದರೆ ಎರಡೂ ಗೋಡೆ ಹತ್ತಿರ ಹತ್ತಿರ ಸಿಕ್ಕೇಬಿಡುತ್ತವೆ, ಅಷ್ಟಗಲ. ಅಲ್ಲಿ ಈಗ ಮಂಚ ಬಂದು ಕೂತಿದೆ, ಮಂಚದ ಮೇಲೆ ಮಾವ ಕೂತಿದ್ದಾರೆ, ನನ್ನ ಹಳೆಯ ಕೆಲಸದ ಮೇಜು ಹೊರಗೆ ಓಣಿಯಲ್ಲಿ ಮಂಜಿಗೆ ನೆನೆಯುತ್ತಿದೆ.

ಇದು ಕೈ ಕಟ್ಟಿ ಕೂರುವ ಕಾಲವಲ್ಲ. ಹೊಸವರ್ಷದ ಟೆಟ್ ಹಬ್ಬ ಬಂತೆಂದರೆ ಊರಿಗೆ ಊರೇ ತೀರಿಹೋದ ಹಿರಿಯರಿಗೆಂದು ಕಾಗದದ ಬಟ್ಟೆ, ಕಾಗದದ ನೋಟು ಸುಡುತ್ತದೆ. ಅದನ್ನು ಸುಡುವ ತೂತಿನ ತಗಡು ಡಬ್ಬ ಮಾಡುವವಳು ನಾನು. ವರ್ಷದ ಅರ್ಧ ಅನ್ನ ಈ ಎರಡು ತಿಂಗಳಲ್ಲೇ ಬೇಯಬೇಕು.

ಟೆಟ್ ಮುಗಿದ ಮೇಲೆ ನಾಮ್‌ದಿನ್ ಊರಲ್ಲಿರುವ ನನ್ನ ಗಂಡನ ಅಣ್ಣ, ಭಾವ, ಬಂದು ಮಾವನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರಬೇಕು. ನನ್ನ ಗಂಡ ಇದ್ದಿದ್ದರೆ ಅವನನ್ನು ಬೈದುಕೊಳ್ಳುತ್ತಿದ್ದೆ. ಈಗ ಈ ಡೈರಿಯನ್ನು ಬೈಯುತ್ತಿದ್ದೇನೆ.

ಡಿಸೆಂಬರ್ 5, ಗುರುವಾರ

ಇಡೀ ದಿನ ಜಗಳ. ನನಗೆ ಈ ಕಸುಬು ಕಲಿಸಿದ್ದೇ ಮಾವ, ಆದ್ದರಿಂದ ನಾನು ಮೊಳೆ ಹೊಡೆದರೂ ಅವರಿಗೆ ಒಂದು ಮಾತು ಆಡದೆ ಆಗುವುದಿಲ್ಲ. ಮಂಚದಲ್ಲಿ ಒರಗಿಕೊಂಡೇ ಬೆರಳು ತೋರಿಸುತ್ತಾರೆ.

ಕೆಲವು ಒಳ್ಳೆಯ ಮಾತೂ ಹೇಳಿದರು, ಸುಳ್ಳೇಕೆ ಬರೆಯಲಿ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಸಿದ್ಧವಾದ ಡಬ್ಬಗಳನ್ನು ಒಂದರೊಳಗೊಂದು ತೂರಿಸಿ ಅದರಡಿಗೆ ತಳ್ಳಬಹುದು. ತಗಡಿನ ಹಾಳೆಗಳು ಮೆಟ್ಟಿಲ ಹಿಂದೆ ನಿಂತವು. ತಗಡು ಬಿಗಿಹಿಡಿಯುವ ವೈಸನ್ನು ಒಂದು ಕಂಬಕ್ಕೆ ಕೂರಿಸಿ, ನೆಲದಲ್ಲಿ ಒಂದು ಕೊಳವೆ ಹೂತು, ಬೇಕಾದಾಗ ಕಂಬ ಇಳಿಸಿ ಬೇಡವಾದಾಗ ಎತ್ತಿಡುವುದು ಅವರದೇ ಉಪಾಯ. ತಗಡು ಇಟ್ಟು ಬಡಿಯುವ ರೈಲು ಕಂಬಿಯ ತುಂಡಿಗೆ ಹಿಡಿ ಹಾಕಿದ್ದೇನೆ, ಕೆಲಸ ಮುಗಿದ ಮೇಲೆ ಮೂಲೆಗೆ ಹೋಗುತ್ತದೆ.

ಜಗಳ ಬಂದಿದ್ದು ಮೇಜಿಗೆ. ಗೋಡೆಗೆ ಕೀಲು ಹಾಕಿ ಮಡಚುವ ಮೇಜು ಅಂತ ನಾನು ಅಂದೆ. ಆಗಲಿ, ಆದರೆ ಮುಂದಕ್ಕೆ ಒಂದು ಕಾಲು ಕೊಡು ಅಂತ ಅವರು. ಕಾಲು ಕೊಟ್ಟರೆ ಅದರಡಿ ನಿಲ್ಲಬೇಕಾದ ನನ್ನ ಸ್ಕೂಟರ್ ರಾತ್ರಿ ಎಲ್ಲಿಗೆ ಹೋಗಬೇಕು? ಹೊರಗೆ ಬಿಟ್ಟರೆ ಬೆಳಗಾಗುವುದರೊಳಗೆ ಕನ್ನಡಿಯೂ ಉಳಿಯುವುದಿಲ್ಲ.

"ಸುತ್ತಿಗೆ ಪೆಟ್ಟು ನೆಲಕ್ಕೆ ಹೋಗ್ಬೇಕು ಕಣಮ್ಮ, ಗೋಡೆಗಲ್ಲ" ಅಂದರು.

"ಹಾಗಾದ್ರೆ ಸ್ಕೂಟರನ್ನ ನಿಮ್ಮ ಮಂಚದ ಮೇಲೆ ಮಲಗಿಸ್ಲಾ ಮಾವ?" ಅಂದೆ.

ಡಿಸೆಂಬರ್ 7, ಶನಿವಾರ

ಮೇಜು ಆಯಿತು. ಹಳೆಯ ಬಾಗಿಲ ಹಲಗೆ, ಅದರಡಿಗೆ ಕಬ್ಬಿಣದ ಆಂಗಲ್ ಚೌಕಟ್ಟು, ಕೊಳವೆ ಕತ್ತರಿಸಿ ನಾನೇ ಮಾಡಿದ ಕೀಲು, ಎರಡು ಸರಪಳಿ. ಬಲಗಡೆ ಗೋಡೆಗೆ ಬೆರಳುದ್ದದ ಬೋಲ್ಟು ಇಳಿಸಿದ್ದೇನೆ. ಮಡಚಿದರೆ ಅದರ ಹೊಟ್ಟೆಯ ಮೇಲೆ ಕತ್ತರಿ, ಮರದ ಸುತ್ತಿಗೆ, ಇಕ್ಕಳ ಎಲ್ಲ ನೇತಾಡುತ್ತವೆ. ಸ್ಕೂಟರ್ ಅಡಿಗೆ ಸಲೀಸಾಗಿ ಹೋಯಿತು. ಕಾಲಿಲ್ಲ. ಮೊದಲ ಡಬ್ಬ ಬಡಿದಾಗ ಬೀಗಿಹೋದೆ. ಮಾವ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

ಡಿಸೆಂಬರ್ 15, ಭಾನುವಾರ, ಹುಣ್ಣಿಮೆ

ಬೆಳಿಗ್ಗೆ ಪಕ್ಕದ ಮನೆಯ ಥೊವಾ ಅಕ್ಕ ಓಡಿಬಂದಳು. ಓಣಿಯ ಬಾಯಲ್ಲಿ ಅಂಟಕ್ಕಿ ಅನ್ನ ಮಾರುವವಳು, ಯಾವಾಗಲೂ ಬಾಯಿ ತುಂಬ ಮಾತು. ಇವತ್ತು ಮುಖದಲ್ಲಿ ರಕ್ತವೇ ಇಲ್ಲ. ಹುಣ್ಣಿಮೆ ಅಂತ ದೀಪ ಹಚ್ಚಲು ಹೋದರೆ, ಹಿರಿಯರ ಪೀಠದ ಮೇಲಿನ ಊದುಬತ್ತಿ ಬಟ್ಟಲು ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿದಿತ್ತಂತೆ.

ಆ ಬಟ್ಟಲನ್ನು ಯಾರೂ ಸುಮ್ಮನೆ ಮುಟ್ಟುವುದಿಲ್ಲ. ವರ್ಷಕ್ಕೊಮ್ಮೆ, ಟೆಟ್‌ಗೆ ವಾರದ ಮುಂಚೆ ಅಡುಗೆಮನೆ ದೇವರನ್ನು ಸ್ವರ್ಗಕ್ಕೆ ಕಳಿಸಿದ ದಿನ, ಅಪ್ಪಣೆ ಕೇಳಿ ಒರೆಸುವುದು. ಅದೂ ಒಂದು ಕೈಯಿಂದ ಬಟ್ಟಲನ್ನು ಒತ್ತಿ ಹಿಡಿದು. ಬಟ್ಟಲು ಅಲುಗಿದರೆ ಒಳಗೆ ಕೂತವರು ಎದ್ದರು ಅಂತಲೇ ಲೆಕ್ಕ. ಅಕ್ಕನ ಬಟ್ಟಲಲ್ಲಿ ಕೂತಿರುವುದು ಅವಳ ತೀರಿಹೋದ ಗಂಡ.

ಅವಳ ಮಗಳು ಮಿಯೆನ್‌ಗೆ ಗಂಡು ಗೊತ್ತಾಗಿ ಇನ್ನೂ ವಾರವಾಗಿಲ್ಲ. ಹೈಫಾಂಗ್‌ನ ಟೈಲ್ಸ್ ಅಂಗಡಿಯವನು. ಜನವರಿ ಹನ್ನೆರಡಕ್ಕೆ ನಿಶ್ಚಿತಾರ್ಥ. ಈಗ ಹೀಗಾಯಿತು.

ಇಲಿಯೋ ಹಲ್ಲಿಯೋ ಇರಬೇಕು ಬಿಡಕ್ಕ ಅಂದೆ. ಅಷ್ಟು ಮರಳು ತುಂಬಿದ ಬಟ್ಟಲನ್ನು ಸರಿಸಲು ಇಲಿ ಏನು ಎಮ್ಮೆ ಗಾತ್ರ ಇದೆಯಾ ಅಂತ ನನ್ನ ಮೇಲೇ ರೇಗಿದಳು.

ಡಿಸೆಂಬರ್ 18, ಬುಧವಾರ

ಅಕ್ಕ ಪೂಜೆಯವರೊಬ್ಬರನ್ನು ಕಂಡು ಬಂದಳು. ಗಂಡನಿಗೆ ಈ ಸಂಬಂಧ ಒಪ್ಪಿಗೆಯಿಲ್ಲ ಅಂದರಂತೆ.

ಮಧ್ಯಾಹ್ನ ಮಾವನಿಗೆ ಬೇಸರ ಕಳೆಯಲೆಂದು ಮಂಚವನ್ನು ಮೇಜಿನ ಹತ್ತಿರಕ್ಕೆ ಎಳೆದೆ. ಅವರು ಕೂತಲ್ಲಿಂದಲೇ ಒಂದು ಅಂಚು ಮಡಿಸಿ ಬಡಿಯುತ್ತಿದ್ದರು. ನಾನು ಗೋಡೆಗೆ ಕೈಯೂರಿ ನಿಂತಿದ್ದೆ. ಅಂಗೈಯಲ್ಲಿ ಗೋಡೆ ಜುಮ್ಮೆಂದಿತು. ಒಂದೊಂದು ಪೆಟ್ಟಿಗೂ.

ಇದೇ ಗೋಡೆಯ ಆಚೆ ಬದಿಯಲ್ಲಿ ಅಕ್ಕನ ಹಿರಿಯರ ಪೀಠ ಇರುವುದು.

ಮಾವನಿಗೆ ಹೇಳಲಿಲ್ಲ.

ಡಿಸೆಂಬರ್ 20, ಶುಕ್ರವಾರ

ಮೇಜಿನ ಮೇಲೆ ಹಳೆಯ ಟೈರಿನ ತುಂಡು ಹಾಸಿ ಬಡಿದೆ. ತಗಡು ತಿರುಚಿಕೊಂಡಿತು. ಮರದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದೆ, ಅರ್ಧ ದಿನಕ್ಕೆ ನಾಲ್ಕು ಡಬ್ಬ ಆಗಲಿಲ್ಲ. ಮೇಜು ಕಿತ್ತರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಮಂಚಕ್ಕೆ ಜಾಗ ಮಾಡಿ ಏನು ಬಂತು?

ಒಂದು ಬಟ್ಟಲು. ಎರಡು ಬೆರಳು. ನನ್ನ ಮೇಜಿಂದಲೇ ಅಂತ ಯಾರು ಕಂಡರು? ಸುಮ್ಮನೆ ಇರು ಲುವಾ. ಬೇರೆಯವರ ಮನೆಯ ಮದುವೆಗೆ ನೀನು ಯಾರು.

ಡಿಸೆಂಬರ್ 21, ಶನಿವಾರ

ಮಾವ ಕೇಳಿದರು, ಟೈರ್ ಯಾಕೆ ಅಂತ. ಸದ್ದು ಕಡಿಮೆಯಾಗಲಿ, ನೀವು ಮಲಗಲಿ ಅಂತ ಅಂದೆ. ಐವತ್ತು ವರ್ಷ ತಗಡಿನ ಸದ್ದಲ್ಲೇ ನಿದ್ದೆ ಮಾಡಿದವರು ಅವರು. ನನ್ನ ಮುಖವನ್ನೇ ನೋಡಿದರು.

ಡಿಸೆಂಬರ್ 27, ಶುಕ್ರವಾರ

ಬಟ್ಟಲು ಮತ್ತೆ ಸರಿದಿದೆ.

ಅಕ್ಕ ಅಂಟಕ್ಕಿ ಅನ್ನ ಮಾರಲು ಹೋಗುತ್ತಿಲ್ಲ. ಗಂಜಿ ಕೊಡಲು ಹೋದರೆ ಹೊಸ್ತಿಲಲ್ಲೇ ತಡೆದಳು, ಒಳಗೆ ಬರಬೇಡ, ಅವರು ಸಿಟ್ಟಾಗಿದ್ದಾರೆ ಅಂತ. ಇಪ್ಪತ್ತು ವರ್ಷ ನನ್ನ ಜೊತೆ ಬಾಳಿದ ಮನುಷ್ಯ, ಒಂದು ದಿನವೂ ಗದರಿದವರಲ್ಲ, ಸತ್ತಮೇಲೆ ನನ್ನ ಮೇಲೆ ಮುನಿಸಿಕೊಂಡರಲ್ಲ ಲುವಾ, ನಾನೇನು ಮಾಡಿದೆ ಅಂತ ಹೇಳಿ ಅತ್ತಳು. ತಿಂಗಳ ಪಾಡ್ಯ ಕಳೆದ ಮೇಲೆ ಗಂಡಿನ ಕಡೆಗೆ ಬೇಡ ಅಂತ ಹೇಳಿಕಳಿಸುತ್ತಾಳಂತೆ.

ಸಂಜೆ ಮಿಯೆನ್ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದವಳು ನಮ್ಮ ಬಾಗಿಲಲ್ಲಿ ನಿಂತಳು. ಕಣ್ಣು ಊದಿತ್ತು. ಮೇಜನ್ನೇ ನೋಡುತ್ತಾ, "ಚಿಕ್ಕಮ್ಮ, ನಾಳೆ ಎಷ್ಟು ಹೊತ್ತಿಗೆ ಬಡೀತೀರ?" ಅಂತ ಕೇಳಿದಳು. ಯಾಕೆ ಅಂದೆ. ಸುಮ್ಮನೆ ಅಂದಳು. ಹುಡುಗಿಗೆ ಗೊತ್ತಾಗಿದೆ. ಗೊತ್ತಾಗಿಯೂ ಚಿಕ್ಕಮ್ಮನ ಹೊಟ್ಟೆಪಾಡು ಅಂತ ಬಾಯಿ ಮುಚ್ಚಿಕೊಂಡಿದ್ದಾಳೆ. ನನಗಿಂತ ಅವಳೇ ವಾಸಿ.

ಡಿಸೆಂಬರ್ 30, ಸೋಮವಾರ

ಮಾವನಿಗೆ ಹೇಳಿಬಿಟ್ಟೆ. ಕಾಲು ಕೊಡು ಅಂತ ಹೇಳಿರಲಿಲ್ಲವಾ ಅಂತ ಹಂಗಿಸುತ್ತಾರೆ ಅಂದುಕೊಂಡಿದ್ದೆ. ಹಂಗಿಸಲಿಲ್ಲ.

"ಪಾನಾ ಎಲ್ಲಿದೆ? ನೀನು ಮೇಲಿಂದ ಬಿಚ್ಚು, ಕೆಳಗಿನ ಎರಡು ನನ್ನ ಕೈಗೆ ಸಿಗುತ್ತೆ" ಅಂದರು.

ಇಬ್ಬರೂ ಬೋಲ್ಟು ಬಿಚ್ಚಿದೆವು. ಈ ಮೇಜೂ ಓಣಿಗೆ ಹೋಯಿತು. ನಾಳೆ ಹೋಗಿ ಹೇಳಬೇಕು.

ಡಿಸೆಂಬರ್ 31, ಮಂಗಳವಾರ, ಪಾಡ್ಯ

ಹೇಳಿದೆ.

ಅಕ್ಕ ಮೊದಲು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಬೈದಳು, ಮನಸಾರೆ ಬೈದಳು, ಎರಡು ವಾರ ನನ್ನ ಗಂಡನ ಮೇಲೆ ತಪ್ಪು ಹೊರಿಸಿದ್ಯಲ್ಲೇ ಅಂತ. ಎಲೆ ಅಡಿಕೆ, ಒಂದು ಲೋಟ ಅಕ್ಕಿ ಹೆಂಡ ಕೈಗೆ ಕೊಟ್ಟು ಪೀಠದ ಮುಂದೆ ನಿಲ್ಲಿಸಿ ತಪ್ಪೊಪ್ಪಿಸಿದಳು. ಫೋಟೋದಲ್ಲಿ ಅವಳ ಗಂಡ ಎಂದಿನಂತೆ ನಗೆಮೊಗದಲ್ಲಿದ್ದರು. ನಾನು ತಲೆ ಬಗ್ಗಿಸಿದೆ.

ಅಕ್ಕ ಅಲ್ಲೇ ನಿಂತು ಹೈಫಾಂಗ್‌ಗೆ ಫೋನ್ ಹಚ್ಚಿದಳು. ಎಲ್ಲ ಸರಿಯಾಗಿದೆ, ಹನ್ನೆರಡಕ್ಕೇ ಬನ್ನಿ ಅಂತ. ಮಿಯೆನ್ ಚಹಾ ತಂದಿಟ್ಟಳು, ನನ್ನ ಕಡೆ ನೋಡಲಿಲ್ಲ. ನಾಚಿಕೆ ಇರಬೇಕು.

ಇನ್ನು ನಿನ್ನ ಸ್ಕೂಟರನ್ನು ನಮ್ಮ ಮನೆಯಲ್ಲಿ ನಿಲ್ಲಿಸು, ಮೇಜಿಗೆ ಎಷ್ಟು ಕಾಲು ಬೇಕೋ ಅಷ್ಟು ಕೊಟ್ಟುಕೋ ಅಂದಳು ಅಕ್ಕ. ಇಂಥವಳ ಎದುರು ನಾನು ಬಾಯಿ ಮುಚ್ಚಿಕೊಂಡಿದ್ದೆ. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಹೊಟ್ಟೆ ತುಂಬ ಉಂಡೆ.

ಜನವರಿ 2, ಗುರುವಾರ

ಹೊಸ ಮೇಜು ನಿಂತಿತು. ನಾಲ್ಕು ಕಾಲು ನೆಲಕ್ಕೆ, ಗೋಡೆಗೂ ಅದಕ್ಕೂ ಒಂದು ಗೇಣು ದೂರ. ಕಾಲಿಗೂ ಕೀಲು ಹಾಕಿದ್ದೇನೆ, ಮಡಚಿ ಮಂಚದ ಬದಿಗೆ ಸಿಕ್ಕಿಸಬಹುದು. ಎತ್ತರವನ್ನು ಮಾವ ಕೂತು ಬಡಿಯುವುದಕ್ಕೆ ಸರಿಯಾಗಿ ಇಟ್ಟೆ. ನಾನು ಸ್ವಲ್ಪ ಬಗ್ಗಬೇಕಾಗುತ್ತದೆ, ಅಷ್ಟೇ. ಕೆಲಸ ಭರದಿಂದ ಸಾಗಿದೆ.

ಜನವರಿ 3, ಶುಕ್ರವಾರ

ಹೇಗೆ ಬರೆಯಲಿ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಿಯೆನ್ ಬಂದಳು. ಅಂಗಡಿಯ ಬಿಳಿ ಕೋಟಿನಲ್ಲೇ ಬಂದಿದ್ದಳು. ಮಾವ ನಿದ್ದೆ ಮಾಡುತ್ತಿದ್ದರು. ಹೊಸ ಮೇಜಿನ ಅಂಚು ಹಿಡಿದು ನಿಂತು, ದನಿ ಏರಿಸದೆ ಕೇಳಿದಳು.

"ಯಾಕೆ ಹೇಳಿದ್ರಿ ಚಿಕ್ಕಮ್ಮ?"

ನಿನ್ನ ಮದುವೆ ಮುರಿಯುತ್ತಿತ್ತಲ್ಲೇ ಅಂದೆ.

"ಮುರೀಲಿ ಅಂತಲೇ ಸರಿಸ್ತಾ ಇದ್ದೆ."

ಮೇಜು ಹಾಕಿದ ಮೊದಲ ದಿನ ಬಟ್ಟಲು ಕೂದಲೆಳೆಯಷ್ಟು ಅಲುಗಿರಬಹುದು, ಇಲ್ಲದೆಯೂ ಇರಬಹುದು, ಅವಳಿಗೆ ಗೊತ್ತಿಲ್ಲ. ನನ್ನ ಸುತ್ತಿಗೆಗೆ ಪೀಠದ ಮೇಲಿನ ನೀರಿನ ಬಟ್ಟಲುಗಳು ನಡುಗುವುದನ್ನು ನೋಡಿ ಅವಳಿಗೆ ಹೊಳೆದದ್ದು. ನಾನು ಬಡಿಯುವ ಹೊತ್ತು ನೋಡಿ ಸರಿಸುತ್ತಿದ್ದಳು. ಎಂದಾದರೂ ಅಮ್ಮನ ಕೈಗೆ ಸಿಕ್ಕಿಬಿದ್ದರೆ ಗೋಡೆ ಅಲುಗಿತು, ಹಿಡಿಯಲು ಹೋದೆ ಅನ್ನಬಹುದಲ್ಲ ಅಂತ. ಎರಡು ಬೆರಳು ಸರಿಸಿದ್ದು ನನ್ನ ಮೇಜಲ್ಲ, ಇವಳ ಕೈ.

ಆ ಗಂಡು ಕೆಟ್ಟವನಾ ಅಂದೆ. ಕುಡಿಯುವುದಿಲ್ಲ, ಹೊಡೆಯುವವನ ಹಾಗೆ ಕಾಣುವುದಿಲ್ಲ ಅಂದಳು. ಎರಡನೇ ಸಲ ಬಂದಾಗ ಅವಳ ಫೋನ್ ತೆಗೆದುಕೊಂಡು, ಎದುರಿಗೇ ಒಂದೊಂದಾಗಿ ಎಲ್ಲ ಓದಿ, ಗಂಡಸರ ನಂಬರುಗಳನ್ನೆಲ್ಲ ಅಳಿಸಿ, ನಗುತ್ತಾ ವಾಪಸು ಕೊಟ್ಟನಂತೆ. ಅದರಲ್ಲಿ ಅವಳ ಸೋದರಮಾವನ ನಂಬರೂ ಇತ್ತು. ಅಮ್ಮನಿಗೆ ಹೇಳಿದರೆ, ನಿನ್ನ ಮೇಲೆ ಅಷ್ಟು ಆಸೆ ಅವನಿಗೆ ಅಂದಳಂತೆ.

"ನಾನು ಬೇಡ ಅಂದ್ರೆ ಅಮ್ಮನಿಗೆ ಕೇಳಲ್ಲ ಚಿಕ್ಕಮ್ಮ. ಅಪ್ಪ ಬೇಡ ಅಂದ್ರೆ ಕೇಳುತ್ತೆ."

ಹೆತ್ತಪ್ಪನ ಬಟ್ಟಲಿಗೆ ಕೈ ಹಾಕಲು ಹೆದರಿಕೆ ಆಗಲಿಲ್ಲವಾ ಅಂತ ಕೊನೆಗೆ ಕೇಳಿದೆ. ಪ್ರತಿ ಸಲವೂ ಆಗುತ್ತಿತ್ತು ಅಂದಳು. ಗಡಿಯಾರ ನೋಡಿ ಅಂಗಡಿಗೆ ಓಡಿದಳು.

ಸತ್ಯ ಹೇಳಿ ಹೊಟ್ಟೆ ತುಂಬ ಉಂಡವಳು ನಾನು. ಥೂ.

ಜನವರಿ 5, ಭಾನುವಾರ

ಮಿಯೆನ್ ಮೇಲೆ ಸಿಟ್ಟು. ಮೊದಲೇ ನನ್ನ ಕಿವಿಯಲ್ಲಿ ಹೇಳಬಾರದಿತ್ತಾ? ಅಕ್ಕನ ಮೇಲೆ ಸಿಟ್ಟು. ಕೊನೆಗೆ ಎಲ್ಲ ಸಿಟ್ಟೂ ಸುತ್ತಿ ನನ್ನ ಮೇಲೇ ಬರುತ್ತದೆ.

ಇವತ್ತು ಅಕ್ಕನ ಹತ್ತಿರ ಮಾತು ತೆಗೆದೆ, ಹುಡುಗಿಯ ಮುಖದಲ್ಲಿ ಕಳೆಯಿಲ್ಲವಲ್ಲ, ಒಮ್ಮೆ ಕೇಳಿ ನೋಡು ಅಂತ. ಮದುವೆಗೆ ಮುಂಚೆ ಯಾವ ಹುಡುಗಿಯ ಮುಖದಲ್ಲಿ ಕಳೆ ಇರುತ್ತೆ, ನೀನು ಅಳಲಿಲ್ಲವಾ ಅಂದಳು. ಮೂವತ್ತು ಮುಟ್ಟುತ್ತಿದೆ ಅವಳಿಗೆ, ನಾನು ಸತ್ತರೆ ಅವಳಿಗೆ ಯಾರು ಅಂದಳು.

ನಾಮ್‌ದಿನ್‌ನಿಂದ ಭಾವ ಫೋನ್ ಮಾಡಿದ್ದರು, ಟೆಟ್ ಆದ ಮೇಲೆ ಯಾವಾಗ ಬರಲಿ ಅಂತ. ಇಲ್ಲಿ ಅರ್ಧ ಕೆಲಸ ಮಾವನದೇ ಕೈ, ಈಗ ಎಲ್ಲಿಗೆ ಕಳಿಸಲಿ ಅಂತ ರೇಗಿ ಇಟ್ಟುಬಿಟ್ಟೆ. ತಲೆ ಕೆಟ್ಟಿರುವಾಗಲೇ ಇವರಿಗೆಲ್ಲ ನೆನಪಾಗುತ್ತದೆ.

ಜನವರಿ 9, ಗುರುವಾರ

ಪಕ್ಕದ ಮನೆ ಬಾಗಿಲಿಗೆ ಕೆಂಪು ಕಾಗದ ಅಂಟಿಸಿದ್ದಾರೆ. ಮಿಯೆನ್‌ನ ಹೊಸ ಲಂಗ ಹಗ್ಗದ ಮೇಲೆ ತೂಗುತ್ತಿದೆ.

ಮಾವನಿಗೆ ಎಲ್ಲ ಹೇಳಿದೆ. ತಗಡಿನ ಅಂಚು ಸವರುತ್ತಾ ಕೇಳಿದರು. ನೀನು ಥೊವಾಗೆ ಹೇಳಿದ್ದರಲ್ಲಿ ಒಂದು ಸುಳ್ಳಿದೆ, ನಿನ್ನ ಮೇಜು ಆ ಬಟ್ಟಲನ್ನು ಸರಿಸಿಲ್ಲ, ಸರಿಸಿತು ಅಂತ ನೀನು ಹೇಳಿ ಬಂದಿದ್ದೀಯ ಅಂದರು. ಸುಳ್ಳು ಅಂತ ಗೊತ್ತಿರಲಿಲ್ಲವಲ್ಲ ಮಾವ ಅಂದೆ. ಈಗ ಗೊತ್ತಾಯಿತಲ್ಲ ಅಂದರು.

ಜನವರಿ 11, ಶನಿವಾರ

ಬಡಿದು ಬಡಿದು ಬೆರಳು ಮಡಚುತ್ತಿಲ್ಲ. ಆದರೂ ಬರೆದೇ ಮಲಗಬೇಕು.

ನಾಳೆ ಹನ್ನೆರಡು, ನಿಶ್ಚಿತಾರ್ಥ. ಬೆಳಿಗ್ಗೆಯೇ ಹಳೆಯ ಬೋಲ್ಟುಗಳನ್ನು ಹಳೆಯ ತೂತುಗಳಿಗೆ ಹೊಡೆದು, ಓಣಿಯಲ್ಲಿದ್ದ ಕಾಲಿಲ್ಲದ ಮೇಜನ್ನು ಮತ್ತೆ ಗೋಡೆಗೆ ಕಟ್ಟಿದೆ. ಸಂಜೆ ರೈಲು ಕಂಬಿಯ ತುಂಡನ್ನು ಅದರ ಮೇಲೆ ಇಟ್ಟು ಮಾವನ ಕೈಗೆ ದೊಡ್ಡ ಸುತ್ತಿಗೆ ಕೊಟ್ಟೆ. ಗೋಡೆ ಬೀಳುವ ಹಾಗೆ ಬಡಿಯಿರಿ, ನಾನು ಬಂದು ಸಾಕು ಅನ್ನುವ ತನಕ ನಿಲ್ಲಿಸಬೇಡಿ ಅಂದೆ.

ಮಿಯೆನ್ ನಿನ್ನೆ ನನಗೆ ಒಂದು ಮಾತು ಹೇಳಿಕೊಟ್ಟಿದ್ದಳು. ಬಟ್ಟಲು ಅಲುಗಲಿಲ್ಲ ಅಂತ ಅಮ್ಮನಿಗೆ ತೋರಿಸಿ, ಹಾಗಾದರೆ ಸರಿಸಿದವರು ಯಾರು ಅಂತ ಅವಳು ಕೇಳಿದರೆ, ನಿನ್ನ ಗಂಡನೇ ಅಂತ ಹೇಳಿ ಚಿಕ್ಕಮ್ಮ, ಅಷ್ಟು ಸಾಕು. ಹ್ಞೂಂ ಅಂದಿದ್ದೆ.

ಅಕ್ಕ ಪೀಠದ ಮುಂದೆ ಹಣ್ಣು ಜೋಡಿಸುತ್ತಿದ್ದಳು. ನಾನು ಅಂದು ಹೇಳಿದ್ದು ತಪ್ಪು, ನೀನೇ ನೋಡು ಅಂದೆ. ಆಚೆ ಮಾವ ಶುರು ಮಾಡಿದರು. ಆ ಮುದುಕರಿಗೆ ಅಷ್ಟು ಬಲ ಎಲ್ಲಿತ್ತೋ. ಪೀಠದ ಮೇಲಿನ ಪುಟ್ಟ ನೀರಿನ ಬಟ್ಟಲುಗಳು ನಡುಗಿದವು, ಒಂದು ಹಣ್ಣು ಉರುಳಿತು. ಊದುಬತ್ತಿಯ ಬಟ್ಟಲು ಜಪ್ಪಯ್ಯ ಅನ್ನಲಿಲ್ಲ. ಅಕ್ಕ ಅದರ ಪಕ್ಕಕ್ಕೆ ಬೆರಳಿಟ್ಟುಕೊಂಡು ನಿಂತಳು. ಎಷ್ಟೋ ಹೊತ್ತು ನಿಂತಳು. ಬೆರಳಿಗೂ ಬಟ್ಟಲಿಗೂ ನಡುವಿನ ಸಂದು ಹಾಗೆಯೇ ಇತ್ತು.

ನಾನು ಬಾಗಿಲಿಗೆ ಹೋಗಿ ಸಾಕು ಅಂದೆ. ಸದ್ದು ನಿಂತಿತು.

"ಹಾಗಾದ್ರೆ ಸರಿಸಿದ್ದು ಯಾರು ಲುವಾ?" ಅಕ್ಕನ ದನಿ ಸಣ್ಣಗಾಗಿತ್ತು.

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಅವಳ ಮುಖ ನೋಡಿದೆ. ಅವರು ಸಿಟ್ಟಾಗಿದ್ದಾರೆ ಅಂತ ಹೊಸ್ತಿಲಲ್ಲಿ ಅಳುತ್ತಿದ್ದವಳ ಮುಖ. ಈ ಸುಳ್ಳನ್ನು ಹೇಳಿದರೆ ಇವಳು ಸಾಯುವ ತನಕ ಹೀಗೇ ಅಳುತ್ತಾಳೆ. ಹೇಳದಿದ್ದರೆ ಹುಡುಗಿ ನಾಳೆ ಅವನ ಪಾಲಾಗುತ್ತಾಳೆ. ದೇವರಾಣೆ, ನನ್ನ ಬಾಯಿ ತೆರೆಯಲಿಲ್ಲ.

"ನಾನೇ ಅಮ್ಮ."

ಮಿಯೆನ್ ಅಡುಗೆಮನೆಯ ಬಾಗಿಲಲ್ಲಿದ್ದಳು. ನಾಳೆಯ ತಟ್ಟೆಗಳಿಗೆ ಹೊದಿಸುವ ಕೆಂಪು ಬಟ್ಟೆ ಕೈಯಲ್ಲಿತ್ತು.

ಹೊಡೆಯುತ್ತಾಳೆ ಅಂದುಕೊಂಡೆ, ನಡುವೆ ಹೋಗಲು ಒಂದು ಹೆಜ್ಜೆ ಇಟ್ಟೂ ಇದ್ದೆ. ಅಕ್ಕ ಹೊಡೆಯಲಿಲ್ಲ. ಪೀಠದ ಅಂಚು ಹಿಡಿದುಕೊಂಡಳು.

"ಅಪ್ಪನನ್ನ ಕೇಳಿ ಸರಿಸಿದ್ಯಾ?"

"ಕೇಳ್ದೆ. ನಾಣ್ಯ ಹಾಕ್ದೆ. ಪ್ರತಿ ಸಲವೂ ಹ್ಞೂಂ ಅಂದ್ರು."

ಪೀಠದ ಮೇಲೆ ಒಂದು ತಟ್ಟೆಯಲ್ಲಿ ಆ ಎರಡು ಹಳೆಯ ನಾಣ್ಯಗಳು ಇರುತ್ತವೆ. ಎಸೆದಾಗ ಒಂದು ಅಂಗಾತ ಒಂದು ಬೋರಲು ಬಿದ್ದರೆ ಹಿರಿಯರು ಒಪ್ಪಿದರು ಅಂತ. ಅಕ್ಕ ನಾಣ್ಯಗಳನ್ನು ಎತ್ತಿಕೊಂಡಳು. ಗಂಡನನ್ನು ತಾನೇ ಕೇಳುತ್ತಾಳೆ, ಎರಡೂ ಅಂಗಾತ ಬಿದ್ದರೆ ಹುಡುಗಿಯ ಕಥೆ ಮುಗಿಯಿತು ಅಂದುಕೊಂಡೆ. ಅಂಗೈಯಲ್ಲಿ ಅವನ್ನು ಕುಲುಕಿದಳು. ಫೋಟೋ ನೋಡಿದಳು. ಎಸೆಯಲಿಲ್ಲ. ಮುಷ್ಟಿ ಮುಚ್ಚಿಕೊಂಡು ಮಗಳ ಕಡೆ ತಿರುಗಿದಳು.

"ನಿನಗೆ ಬೇಡ್ವಾ?"

"ಬೇಡ."

"ಮೊದಲೇ ಹೇಳೋದಲ್ವೇನೇ."

"ಹೇಳಿದ್ದೆ ಅಮ್ಮ."

ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ಮಗಳೂ ಬಂದು ಪಕ್ಕದಲ್ಲಿ ಕೂತಳು, ಮುಟ್ಟಲಿಲ್ಲ. ಹೋಗಲೋ ಇರಲೋ ತಿಳಿಯದೆ ನಾನು ಉರುಳಿದ ಹಣ್ಣನ್ನು ಎತ್ತಿ ಕೈಯಲ್ಲಿ ಹಿಡಿದು ನಿಂತಿದ್ದೆ. ಆಮೇಲೆ ಅಕ್ಕ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಏನು ಕಂಬದ ಹಾಗೆ ನಿಂತಿದ್ದೀಯ? ಮನೆಗೆ ಹೋಗು. ಹೋಗಿ ಬಡಿ. ನಿನ್ನ ಮಾವನಿಗೂ ಹೇಳು, ಆಗ ಬಡಿದ್ರಲ್ಲ, ಹಾಗೇ ಬಡೀಲಿ."

"ಯಾಕಕ್ಕ?"

"ಬೇಡ ಅಂತ ಹೈಫಾಂಗ್‌ಗೆ ಫೋನ್ ಮಾಡ್ಬೇಕು. ಅವರು ಏನೇನು ಅಂತಾರೋ, ನಾನು ಏನೇನು ಅನ್ನಿಸ್ಕೋಬೇಕೋ. ಓಣಿಗೆಲ್ಲ ಕೇಳೋದು ಬೇಡ."

ಮಾವನ ಎದುರಿಗೆ ಕೂತೆ. ಒಂದು ಹರಕು ತಗಡನ್ನು ನಡುವೆ ಹಾಕಿಕೊಂಡೆವು. ಅವರೊಂದು ಪೆಟ್ಟು, ನಾನೊಂದು ಪೆಟ್ಟು. ಆ ತಗಡಿನಿಂದ ಏನೂ ಆಗಬೇಕಾಗಿರಲಿಲ್ಲ. ಎದುರುಮನೆಯವರು ಬಂದು ಶನಿವಾರ ಸಂಜೆ ಇದೇನು ಗಲಾಟೆ ಅಂತ ಬೈದುಹೋದರು, ಬೈಯಲಿ. ತೋಳು ಸೋತು ಬಂದವು. ಮಾವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ನಿಲ್ಲಿಸೋಣವಾ ಅಂತ ಕಣ್ಣಲ್ಲೇ ಕೇಳಿದೆ. ಇನ್ನೂ ಮಾತಾಡ್ತಿದ್ದಾಳೆ, ಬಡಿ ಅಂದರು.